ಅಂತಿಮ ಘಟ್ಟಕ್ಕೆ ಎಷ್ಟು ತಂಡಗಳು?

ಆಸ್ಟ್ರೇಲಿಯದವರು ಆಡುವ ಫುಟ್‌ಬಾಲ್ ನಾವು ಇಲ್ಲಿ ಕಾಣುವ ಆಟವಲ್ಲ. ಅಲ್ಲಿ ಚೆಂಡೂ ಅಂಡಾಕಾರ, ಮೈದಾನವೂ ಅಂಡಾಕಾರ. ಚೆಂಡನ್ನು ಕೈಯಲ್ಲಿ ಹಿಡಿಯಲೂ ಅಡ್ಡಿಯಿಲ್ಲ. ಆದರೆ ಆ ಲೀಗನ್ನು ಬಹುಕಾಲದಿಂದ ಕಾಡುತ್ತಿರುವ ಪ್ರಶ್ನೆ ಎಲ್ಲ ಲೀಗುಗಳಿಗೂ ಸೇರಿದ್ದು. ತಿಂಗಳುಗಟ್ಟಲೆ ಆಡಿದ ಮೇಲೆ ಎಷ್ಟು ತಂಡಗಳನ್ನು ಅಂತಿಮ ಘಟ್ಟದ ಪಂದ್ಯಗಳಿಗೆ ಕರೆಯಬೇಕು? 1971ರಲ್ಲಿ ಹನ್ನೆರಡು ತಂಡಗಳಲ್ಲಿ ನಾಲ್ಕಕ್ಕೆ ಆ ಅವಕಾಶವಿತ್ತು. 1972ರಲ್ಲಿ ಐದು, 1991ರಲ್ಲಿ ಆರು, 1994ರಲ್ಲಿ ಎಂಟು ಆಯಿತು. ಈಗ ಲೀಗಿನಲ್ಲಿ ಹದಿನೆಂಟು ತಂಡಗಳಿವೆ. 2025ರಲ್ಲಿ ಪ್ರಕಟವಾದ ನಿರ್ಧಾರದಂತೆ 2026ರಿಂದ ಹತ್ತಕ್ಕೆ ಪ್ರವೇಶ. ಹೆಚ್ಚು ಪಂದ್ಯಗಳಿಂದ ಹೆಚ್ಚು ಹಣ ಬರುವುದೆಂಬುದು ಸ್ಪಷ್ಟ. ಅದನ್ನು ಬದಿಗಿರಿಸಿ, ಇದನ್ನು ಅಳತೆಯ ಪ್ರಶ್ನೆಯನ್ನಾಗಿ ನೋಡೋಣ.

ಲೀಗಿನ ಅಂಕಪಟ್ಟಿಯೂ ಒಂದು ಅಳತೆಯೇ. ಪ್ರಯೋಗಶಾಲೆಯಲ್ಲಿ ಲೋಲಕದ ಆಂದೋಲನ ಕಾಲವನ್ನು ಎಷ್ಟು ಸಲ ಅಳೆದರೂ ಒಂದೇ ಉತ್ತರ ಬಾರದು. ಅಳತೆಯೊಡನೆ ಅದರ ದೋಷವನ್ನೂ ಬರೆಯಬೇಕೆಂದು ವಿದ್ಯಾರ್ಥಿಗಳು ಬಲ್ಲರು. ಅಂಕಪಟ್ಟಿಯ ದೋಷವೆಷ್ಟು? ಸಾಧಾರಣ ಬಲದ ಒಂದು ತಂಡ 22 ಪಂದ್ಯಗಳನ್ನು ಆಡುವುದೆಂದೂ, ಪ್ರತಿ ಪಂದ್ಯವೂ ನಾಣ್ಯವನ್ನು ಚಿಮ್ಮಿದಂತೆಂದೂ ಭಾವಿಸೋಣ. ಸರಾಸರಿ 11 ಗೆಲುವು. ಆದರೆ ಮಾನಕ ವಿಚಲನೆಯು 22ರ ವರ್ಗಮೂಲದ ಅರ್ಧ, ಅಂದರೆ ಸುಮಾರು 2.3. ನೂರರಲ್ಲಿ 71 ಸಂದರ್ಭಗಳಲ್ಲಿ ಗೆಲುವುಗಳು 9ರಿಂದ 13ರ ಒಳಗೆ ಬೀಳುತ್ತವೆ; ಉಳಿದ 29ರಲ್ಲಿ ಅದರಾಚೆಗೆ ಹೋಗುತ್ತವೆ. ತಂಡದ ಬಲ ಮಾತ್ರ ಬದಲಾಗಿರುವುದಿಲ್ಲ. ಎರಡು ತಂಡಗಳನ್ನು ಹೋಲಿಸುವಾಗ ಇಬ್ಬರ ದೋಷವೂ ಕೂಡಿಕೊಂಡು ಅದು 3.3 ಆಗುತ್ತದೆ. ಬಲಿಷ್ಠ ತಂಡಗಳಿಗೆ ಇದು ತುಸು ಕಡಿಮೆ. ಸ್ಥೂಲವಾಗಿ ಮೂರು ಗೆಲುವು ಎಂದಿಟ್ಟುಕೊಳ್ಳೋಣ.

ಈ ಮೂರನ್ನು ಕೈಯಲ್ಲಿ ಹಿಡಿದು 2016ರ ಪಟ್ಟಿಯನ್ನು ನೋಡಬೇಕು. ಮೊದಲ ಹತ್ತು ತಂಡಗಳ ಗೆಲುವುಗಳು ಕ್ರಮವಾಗಿ 17, 17, 17, 16, 16, 16, 15, 12, 12, 10. ಮೊದಲನೆಯ ಸಿಡ್ನಿ ತಂಡಕ್ಕೂ ಏಳನೆಯ ವೆಸ್ಟರ್ನ್ ಬುಲ್‌ಡಾಗ್ಸ್ ತಂಡಕ್ಕೂ ಅಂತರ ಎರಡೇ ಗೆಲುವು. ಯಾರು ಮೇಲು ಎಂದು ಹೇಳುವ ಶಕ್ತಿ ಈ ಪಟ್ಟಿಗೆ ಇರಲಿಲ್ಲ. ಬುಲ್‌ಡಾಗ್ಸ್ ಸಾಲಾಗಿ ನಾಲ್ಕು ಪಂದ್ಯಗಳನ್ನು ಗೆದ್ದು, ಕೊನೆಯದರಲ್ಲಿ ಸಿಡ್ನಿಯನ್ನೇ 22 ಅಂಕಗಳಿಂದ ಸೋಲಿಸಿ, 1954ರ ಬಳಿಕ ಮೊದಲ ಬಾರಿಗೆ ಪ್ರಶಸ್ತಿ ಪಡೆಯಿತು. ನಾಲ್ಕೇ ತಂಡಗಳೆಂಬ ಹಳೆಯ ನಿಯಮವಿದ್ದಿದ್ದರೆ ಅದು ಮನೆಯಲ್ಲಿ ಕುಳಿತು ಆಟ ನೋಡಬೇಕಾಗುತ್ತಿತ್ತು. ಇನ್ನು ಎಂಟನೆಯ ಮತ್ತು ಒಂಬತ್ತನೆಯ ತಂಡಗಳಿಗೆ ಸಮನಾಗಿ 12 ಗೆಲುವು. ಗಳಿಸಿದ ಮತ್ತು ಬಿಟ್ಟುಕೊಟ್ಟ ಅಂಕಗಳ ಶೇಕಡಾವಾರು ನೋಡಿ ಒಂದನ್ನು ಒಳಗೆ, ಇನ್ನೊಂದನ್ನು ಹೊರಗೆ ಮಾಡಿದರು. ಆ ವರ್ಷ ಪಟ್ಟಿಯ ಸಹಜವಾದ ಬಿರುಕು ಏಳರ ಕೆಳಗಿತ್ತು. ನಿಯಮ ಗೆರೆಯೆಳೆದದ್ದು ಎಂಟರ ಕೆಳಗೆ. ಹದಿನೆಂಟು ತಂಡಗಳು ಪರಸ್ಪರ ಎರಡೆರಡು ಸಲ ಎದುರಾಗಲು ಒಂದೊಂದಕ್ಕೆ 34 ಪಂದ್ಯಗಳು ಬೇಕು. ಆ ವರ್ಷ ಆಡಿದ್ದು 22 ಮಾತ್ರವಾದ್ದರಿಂದ, ಸುಲಭದ ಎದುರಾಳಿಗಳು ಸಿಕ್ಕವರಿಗೆ ಲಾಭ. ಇದು ಆಕಸ್ಮಿಕ ದೋಷವಲ್ಲ, ತಕ್ಕಡಿಯಲ್ಲೇ ಇರುವ ದೋಷ.

ಹಾಗಾದರೆ ಬಾಗಿಲನ್ನು ಅಗಲವಾಗಿ ತೆರೆದುಬಿಡೋಣವೇ? ಅಂತಿಮ ಘಟ್ಟವೂ ಒಂದು ಅಳತೆ, ಅದೂ ಬಹಳ ಚಿಕ್ಕ ಅಳತೆ. ಯಾವ ಎದುರಾಳಿಯನ್ನಾದರೂ ಹತ್ತರಲ್ಲಿ ಆರು ಸಲ ಸೋಲಿಸಬಲ್ಲ ಉತ್ತಮ ತಂಡ ಸತತವಾಗಿ ಮೂರು ಪಂದ್ಯ ಗೆಲ್ಲುವ ಸಂಭಾವ್ಯತೆ 0.6 × 0.6 × 0.6, ಅಂದರೆ 0.22. ನಾಲ್ಕು ಪಂದ್ಯಗಳಾದರೆ 0.13. ಸುತ್ತು ಹೆಚ್ಚಿದಷ್ಟೂ ಅದೃಷ್ಟದ ಪಾಲು ಹೆಚ್ಚು. ಆಸ್ಟ್ರೇಲಿಯದವರು ಇದಕ್ಕೆ ಜಾಣತನದ ಉಪಾಯ ಮಾಡಿದ್ದಾರೆ. ಮೊದಲ ನಾಲ್ಕು ತಂಡಗಳು ಮೊದಲ ಪಂದ್ಯ ಸೋತರೂ ಹೊರಬೀಳವು. ಇದರಿಂದ ನಮ್ಮ ಉತ್ತಮ ತಂಡದ ಸಂಭಾವ್ಯತೆ 0.30ಕ್ಕೆ ಏರುತ್ತದೆ. ಎಂಟು ತಂಡಗಳ ಪದ್ಧತಿಯಲ್ಲಿ ಐದರಿಂದ ಎಂಟರವರೆಗಿನವು ಸಾಲಾಗಿ ನಾಲ್ಕನ್ನು ಗೆಲ್ಲಲೇಬೇಕಿತ್ತು. ಸರಿಸಮಾನ ಬಲವೆಂದರೂ ಹದಿನಾರರಲ್ಲಿ ಒಂದು ಅವಕಾಶ. ಎಷ್ಟು ತಂಡಗಳು ಎಂಬುದಕ್ಕಿಂತ, ಯಾರಿಗೆ ಎಷ್ಟು ಕಡಿದಾದ ಮೆಟ್ಟಿಲು ಎಂಬುದೇ ಹೆಚ್ಚು ಮುಖ್ಯವೆಂದು ನಮಗೆ ತೋರುತ್ತದೆ.

ನಮ್ಮ ದೇಶದ ಇಂಡಿಯನ್ ಸೂಪರ್ ಲೀಗಿನ 2024-25ರ ಪಟ್ಟಿಯನ್ನು ಇದೇ ಕಣ್ಣಿನಿಂದ ನೋಡಬಹುದು. ಹದಿಮೂರು ತಂಡಗಳು, 24 ಪಂದ್ಯಗಳು, ಆರಕ್ಕೆ ಅರ್ಹತೆ. ಮೋಹನ್ ಬಗಾನ್ 56 ಅಂಕ, ಗೋವಾ 48, ಬೆಂಗಳೂರು, ಈಶಾನ್ಯ ಭಾರತದ ತಂಡ ಮತ್ತು ಜಮ್‌ಷೆಡ್‌ಪುರಕ್ಕೆ 38ರಂತೆ, ಮುಂಬಯಿಗೆ 36. ಗೆಲುವಿಗೆ 3, ಸಮಕ್ಕೆ 1 ಅಂಕದ ಈ ಪದ್ಧತಿಯಲ್ಲಿ, ನಾಲ್ಕರಲ್ಲಿ ಒಂದು ಪಂದ್ಯ ಸಮವಾಗುವುದೆಂದು ಎಣಿಸಿದರೆ, ಎರಡು ತಂಡಗಳ ಅಂತರದ ದೋಷ ಸುಮಾರು ಒಂಬತ್ತು ಅಂಕ. ಮೂರನೆಯ ತಂಡದ ಮೇಲೆ ಬಗಾನಿನ 18 ಅಂಕಗಳ ಮುನ್ನಡೆ ಅದರ ಎರಡರಷ್ಟು, ಅದನ್ನು ನಂಬಬಹುದು. ಮೂರರಿಂದ ಆರನೆಯವರೆಗಿನ ಅಂತರ ಎರಡೇ ಅಂಕ, ಅದಕ್ಕೆ ಅರ್ಥವಿಲ್ಲ. ಮೊದಲಿಬ್ಬರನ್ನು ನೇರವಾಗಿ ಸೆಮಿಫೈನಲಿಗೆ ಕಳುಹಿಸಿ, ಉಳಿದ ನಾಲ್ವರನ್ನು ಒಂದೊಂದು ಪಂದ್ಯದಿಂದ ಸೋಸಿದ ಕ್ರಮ ಆ ವರ್ಷದ ಅಂಕಿಗಳಿಗೆ ಚೆನ್ನಾಗಿ ಒಪ್ಪಿತು. ಬೆಂಗಳೂರು ಮುಂಬಯಿಯನ್ನು 5-0ರಿಂದ ಸೋಲಿಸಿ ಫೈನಲಿನವರೆಗೆ ಹೋಯಿತು; ಅಲ್ಲಿ ಹೆಚ್ಚುವರಿ ಸಮಯದಲ್ಲಿ 2-1ರಿಂದ ಬಗಾನಿಗೆ ಮಣಿಯಿತು. ಪಟ್ಟಿಯ ಮೊದಲಿಗನಿಗೆ ಪ್ರತ್ಯೇಕವಾದ ಶೀಲ್ಡ್ ಕೊಡುವ ಪದ್ಧತಿಯೂ ಆಗ ಇಲ್ಲಿತ್ತು. ಉದ್ದದ ಅಳತೆಗೆ ಒಂದು ಬಹುಮಾನ, ಚಿಕ್ಕ ಅಳತೆಗೆ ಇನ್ನೊಂದು!

ಮತ್ತೆ ಆಸ್ಟ್ರೇಲಿಯದ ಹತ್ತು ತಂಡಗಳ ಯೋಜನೆಗೆ ಬರೋಣ. ಅದರಂತೆ ಎಂಟನೆಯದು ಒಂಬತ್ತನೆಯದರೊಡನೆ, ಏಳನೆಯದು ಹತ್ತನೆಯದರೊಡನೆ ಮೊದಲು ಆಡಬೇಕು. 2016ರ ಪಟ್ಟಿಗೆ ಇದನ್ನು ಅನ್ವಯಿಸಿದರೆ ಮೊದಲ ಪಂದ್ಯ ನ್ಯಾಯವಾದದ್ದು: ಸಮನಾದ 12 ಗೆಲುವುಗಳನ್ನು ಶೇಕಡಾವಾರಿನಿಂದ ಬೇರ್ಪಡಿಸುವುದಕ್ಕಿಂತ ಮೈದಾನದಲ್ಲಿ ಬೇರ್ಪಡಿಸುವುದು ಮೇಲು. ಎರಡನೆಯದನ್ನು ನಾವು ಒಪ್ಪಲಾರೆವು. 15 ಗೆಲುವಿನ ತಂಡವನ್ನು 10 ಗೆಲುವಿನ ತಂಡದೆದುರು ಒಂದೇ ಮಧ್ಯಾಹ್ನದ ಪರೀಕ್ಷೆಗೆ ನಿಲ್ಲಿಸುವುದೆಂದರೆ, 22 ಪಂದ್ಯಗಳು ಅಳೆದು ಹೇಳಿದ ಐದು ಗೆಲುವಿನ ಅಂತರವನ್ನು ಒಂದು ಪಂದ್ಯದ ಕೈಗೆ ಒಪ್ಪಿಸಿದಂತೆ.