ದಂತವೈದ್ಯರ ಇಂಪ್ಲಾಂಟ್ ತರಬೇತಿ: ಶುಲ್ಕವೊಂದೇ ವೆಚ್ಚವಲ್ಲ

ಜಿಲ್ಲಾ ಕೇಂದ್ರಗಳ ಪೇಟೆಬೀದಿಗಳಲ್ಲಿರುವ ದಂತ ಚಿಕಿತ್ಸಾಲಯಗಳ ನಾಮಫಲಕಗಳ ಮೇಲೆ ‘ಇಂಪ್ಲಾಂಟ್’ ಎಂಬ ಪದವು ಇಂದು ಸಾಮಾನ್ಯವಾಗಿ ಕಾಣಬರುತ್ತದೆ. ಅತಿ ಹೆಚ್ಚು ದಂತವೈದ್ಯ ಕಾಲೇಜುಗಳುಳ್ಳ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿರುವುದರಿಂದ, ವರ್ತಕರ ಹಾಗೂ ಸಣ್ಣ ಉದ್ದಿಮೆದಾರರ ಮನೆಗಳಲ್ಲಿಯೂ ದಂತವೈದ್ಯರಾದ ಮಗನೋ ಸೊಸೆಯೋ ಇರುವುದು ಅಪರೂಪವಲ್ಲ. ಅಂಥವರು ಚಿಕಿತ್ಸಾಲಯವನ್ನು ನಡೆಸುತ್ತಲೇ ಅರೆಕಾಲಿಕ ಇಂಪ್ಲಾಂಟ್ ತರಬೇತಿಗೆ ಸೇರಲು ಹಣ ಕೇಳಿದಾಗ, ಮನೆಯ ಹಿರಿಯರು ಕೇಳುವುದು ಫೀಸು ಎಷ್ಟೆಂಬ ಒಂದೇ ಪ್ರಶ್ನೆ. ಅಂಗಡಿಗೆ ಹೊಸ ಸರಕು ತರಿಸುವಾಗ ಸಾಗಣೆ, ಹಮಾಲಿ, ಬಡ್ಡಿ, ಕೂತುಹೋಗುವ ದಾಸ್ತಾನು ಎಲ್ಲವನ್ನೂ ಲೆಕ್ಕಹಾಕುವವರು ವಿದ್ಯೆಯ ವಿಷಯದಲ್ಲಿ ಮಾತ್ರ ರಸೀದಿಯ ಮೊತ್ತವನ್ನಷ್ಟೇ ನೋಡುತ್ತಾರೆ.

ಇಂಪ್ಲಾಂಟ್ ಎಂದರೆ ಬಿದ್ದುಹೋದ ಹಲ್ಲಿನ ಬೇರಿನ ಸ್ಥಾನದಲ್ಲಿ ದವಡೆಯ ಮೂಳೆಯೊಳಗೆ ಕೂರಿಸುವ ಟೈಟಾನಿಯಂ ತಿರುಪು. ಅದರ ಮೇಲೆ ಅನಂತರ ಕೃತಕ ಹಲ್ಲನ್ನು ಕಟ್ಟಲಾಗುತ್ತದೆ. ಸ್ವೀಡನ್ನಿನ ಸಂಶೋಧಕ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಅವರು 1950ರ ದಶಕದಲ್ಲಿ ಮೊಲಗಳ ಮೂಳೆಯಲ್ಲಿ ಟೈಟಾನಿಯಂ ಸಾಧನಗಳನ್ನಿರಿಸಿ ಪ್ರಯೋಗ ನಡೆಸುತ್ತಿದ್ದಾಗ, ಲೋಹವು ಮೂಳೆಯೊಡನೆ ಬೆಸೆದುಕೊಂಡು ಬಿಡಿಸಲಾಗದಂತಾದುದನ್ನು ಕಂಡರು. 1965ರಲ್ಲಿ ಮೊದಲ ರೋಗಿಗೆ ಚಿಕಿತ್ಸೆ ನಡೆಯಿತು. 1978ರಲ್ಲಿ ಇದನ್ನು ವ್ಯಾಪಾರೀ ಉತ್ಪನ್ನವಾಗಿ ಬೆಳೆಸಲು ಅವರೊಡನೆ ಕೈಜೋಡಿಸಿದ ಸಂಸ್ಥೆ ಬೋಫೋರ್ಸ್. ಮುಂದೆ ನಮ್ಮ ದೇಶದಲ್ಲಿ ಫಿರಂಗಿಗಳ ವಿವಾದದಿಂದ ಮನೆಮಾತಾದ ಅದೇ ಬೋಫೋರ್ಸ್. 1982ರ ಟೊರಾಂಟೊ ಸಮ್ಮೇಳನದ ತರುವಾಯ ಈ ವಿಧಾನವು ಉತ್ತರ ಅಮೆರಿಕದ ದಂತವೈದ್ಯರಲ್ಲಿ ಮನ್ನಣೆ ಪಡೆಯಿತು.

ಬ್ರೋನೆಮಾರ್ಕ್ ಅವರ ಮೂಲ ವಿಧಾನದಲ್ಲಿ ತಿರುಪನ್ನು ಕೂರಿಸಿದ ಬಳಿಕ ಕೆಳದವಡೆಗೆ ಸುಮಾರು ಮೂರು ತಿಂಗಳು, ಮೇಲ್ದವಡೆಗೆ ಸುಮಾರು ಆರು ತಿಂಗಳು ಕಾಯಬೇಕಾಗಿತ್ತು. ಈಗ ಆಯ್ದ ಸಂದರ್ಭಗಳಲ್ಲಿ ಈ ಅವಧಿ ಕಡಿಮೆಯಾಗಿದೆಯಾದರೂ, ಮೂಳೆ ಬೆಸೆಯುವ ಕಾಲವನ್ನು ಯಾವ ಶಿಕ್ಷಕರೂ ಕುಗ್ಗಿಸಲಾರರು. ಮೂರು ದಿನಗಳ ಶಿಬಿರದಲ್ಲಿ ಕಲಿತವರು ತಿರುಪು ಕೂರಿಸುವುದನ್ನು ನೋಡಬಹುದು; ತಾವೇ ಕೂರಿಸಿದುದರ ಪರಿಣಾಮವನ್ನು ಗುರುಗಳ ಎದುರಿನಲ್ಲಿ ನೋಡಲಾರರು. ತಿಂಗಳಿಗೊಮ್ಮೆ ಎರಡು ಮೂರು ದಿನಗಳಂತೆ ವರ್ಷದುದ್ದಕ್ಕೂ ಹರಡಿಕೊಂಡ ಅರೆಕಾಲಿಕ ತರಬೇತಿಯ ನಿಜವಾದ ಬೆಲೆ ಇರುವುದು ಇಲ್ಲಿಯೇ. ಮೊದಲ ತಿಂಗಳಲ್ಲಿ ಕೂರಿಸಿದ ಇಂಪ್ಲಾಂಟಿಗೆ ಆರನೆಯ ತಿಂಗಳಲ್ಲಿ ಅದೇ ವಿದ್ಯಾರ್ಥಿ ಹಲ್ಲು ಕಟ್ಟಬಹುದು, ತಪ್ಪಾಗಿದ್ದರೆ ತಿದ್ದಿಸಿಕೊಳ್ಳಬಹುದು. ಆದುದರಿಂದ ಶುಲ್ಕ ತೆರುವ ಮೊದಲು ಕೇಳಬೇಕಾದ ಪ್ರಶ್ನೆ, ಉಪನ್ಯಾಸಗಳೆಷ್ಟು ಎಂಬುದಲ್ಲ; ವಿದ್ಯಾರ್ಥಿಯು ಮೇಲ್ವಿಚಾರಣೆಯಲ್ಲಿ ತನ್ನ ಕೈಯಾರೆ ಎಷ್ಟು ಇಂಪ್ಲಾಂಟ್‌ಗಳನ್ನು ಕೂರಿಸಿ, ಹಲ್ಲು ಕಟ್ಟಿ ಮುಗಿಸುವನೆಂಬುದು.

ಇನ್ನು ಪ್ರಮಾಣಪತ್ರದ ಸ್ಥಾನಮಾನ. ದಂತವೈದ್ಯದ ಸ್ನಾತಕೋತ್ತರ ಪದವಿಯಾದ ಎಂಡಿಎಸ್ ಮೂರು ವರ್ಷಗಳ ಪೂರ್ಣಾವಧಿ ಶಿಕ್ಷಣವಾಗಿದ್ದು, ಅದರ ಶಾಖೆಗಳಲ್ಲಿ ಇಂಪ್ಲಾಂಟ್ ಎಂಬ ಪ್ರತ್ಯೇಕ ಶಾಖೆಯಿಲ್ಲ. ವಿಷಯವು ಕೃತಕ ದಂತ, ವಸಡು ಮತ್ತು ಬಾಯಿಯ ಶಸ್ತ್ರಚಿಕಿತ್ಸಾ ಶಾಖೆಗಳೊಳಗೆ ಹಂಚಿಹೋಗಿದೆ. ಖಾಸಗಿ ಸಂಸ್ಥೆಯ ಅರೆಕಾಲಿಕ ಪ್ರಮಾಣಪತ್ರವು ಕೌಶಲ್ಯವನ್ನು ಕೊಡಬಹುದೇ ಹೊರತು ‘ತಜ್ಞ’ ಎಂಬ ಬಿರುದನ್ನು ಕೊಡದು. ಈ ವ್ಯತ್ಯಾಸವನ್ನು ಶುಲ್ಕದ ಬೀಜಕದಲ್ಲಿಯೇ ಗುರುತಿಸಬಹುದು. ಕಾನೂನಿನ ಮಾನ್ಯತೆಯುಳ್ಳ ಅರ್ಹತೆಗಾಗಿ ಶಿಕ್ಷಣ ಸಂಸ್ಥೆಯು ನೀಡುವ ಬೋಧನೆಗೆ ಜಿಎಸ್‌ಟಿ ವಿನಾಯಿತಿಯಿದೆ. ಮಾನ್ಯತೆಯಿಲ್ಲದ ತರಬೇತಿಗೆ ಶೇ. 18ರ ತೆರಿಗೆ ಬೀಳುತ್ತದೆ. (ತೆರಿಗೆ ಹಾಕಿಲ್ಲವೆಂಬ ಮಾತ್ರಕ್ಕೆ ಮಾನ್ಯತೆಯಿದೆ ಎಂದು ತಿಳಿಯಲಾಗದು, ನೋಂದಣಿಯ ಮಿತಿಯೊಳಗಿನ ಸಣ್ಣ ಸಂಸ್ಥೆಗಳೂ ತೆರಿಗೆ ಹಾಕುವುದಿಲ್ಲ.) ಈ ತೆರಿಗೆಯನ್ನು ದಂತವೈದ್ಯರು ಮರಳಿ ಪಡೆಯಲಾರರು. ಅವರು ನೀಡುವ ಚಿಕಿತ್ಸೆಗೆ ವಿನಾಯಿತಿ ಇರುವುದರಿಂದ, ಶುಲ್ಕ, ಉಪಕರಣ, ಇಂಪ್ಲಾಂಟ್ ಇವುಗಳ ಮೇಲೆ ತೆತ್ತ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಸಿಗದು. ವರ್ತಕರಿಗೆ ಕೈಬದಲಾಗುವ ತೆರಿಗೆಯು ವೈದ್ಯರಿಗೆ ಅಸಲಿನ ಭಾಗವೇ ಆಗಿಬಿಡುತ್ತದೆ.

ಈಗ ಲೆಕ್ಕ. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಕಲ್ಪಿಸಿದವು. ಓದುಗರು ತಮ್ಮ ಊರಿನ ದರಗಳನ್ನು ಇಟ್ಟು ನೋಡಬೇಕು. ವರ್ಷಕ್ಕೆ 300 ದಿನ ತೆರೆದಿರುವ ಚಿಕಿತ್ಸಾಲಯವೊಂದರ ವಾರ್ಷಿಕ ಗಳಿಕೆ ರೂ. 24 ಲಕ್ಷ, ಅಂದರೆ ದಿನಕ್ಕೆ ರೂ. 8,000 ಎಂದಿಟ್ಟುಕೊಳ್ಳೋಣ. ತರಬೇತಿಯು ಹತ್ತು ತಿಂಗಳು, ತಿಂಗಳಿಗೊಮ್ಮೆ ಶುಕ್ರವಾರದಿಂದ ಭಾನುವಾರದವರೆಗೆ, ದೂರದ ನಗರದಲ್ಲಿ. ಶುಲ್ಕ ರೂ. 3 ಲಕ್ಷ, ತೆರಿಗೆ ಸೇರಿ ರೂ. 3,54,000. ಪ್ರಯಾಣ, ವಸತಿಗೆ ಪ್ರತಿ ಬಾರಿ ರೂ. 6,000ದಂತೆ ರೂ. 60,000. ಬಾಗಿಲು ಮುಚ್ಚುವ ಕೆಲಸದ ದಿನಗಳು 20; ಕೈತಪ್ಪುವ ಗಳಿಕೆ ರೂ. 1,60,000. ಇದರಲ್ಲಿ ಉಳಿತಾಯವಾಗುವ ಸಾಮಗ್ರಿಯ ವೆಚ್ಚ ಕಾಲು ಭಾಗವೆಂದು ಕಳೆದರೆ ನಷ್ಟ ರೂ. 1,20,000. ಬಾಡಿಗೆ ಮತ್ತು ಸಹಾಯಕಿಯ ಸಂಬಳ ಬಾಗಿಲು ಮುಚ್ಚಿದರೂ ನಿಲ್ಲುವುದಿಲ್ಲ. ಶಸ್ತ್ರಚಿಕಿತ್ಸೆಯ ಮೋಟಾರು ಹಾಗೂ ಉಪಕರಣಗಳಿಗೆ ರೂ. 3 ಲಕ್ಷ. ಒಟ್ಟು ರೂ. 8,34,000. ಸಾಲದ ಬಡ್ಡಿಯನ್ನು ಇಲ್ಲಿ ಸೇರಿಸಿಲ್ಲ.

ವರಮಾನದ ಬದಿಯಲ್ಲಿ, ಒಂದು ಇಂಪ್ಲಾಂಟಿಗೆ ರೂ. 30,000 ಪಡೆಯುವುದಾದರೆ, ತಿರುಪು ಮತ್ತು ಅದರ ಜೋಡಣೆಗೆ ರೂ. 10,000, ಪ್ರಯೋಗಾಲಯದ ಹಲ್ಲಿಗೆ ರೂ. 4,000, ಇತರ ಸಾಮಗ್ರಿ ಮತ್ತು ಎಕ್ಸ್‌ರೇಗೆ ರೂ. 2,000, ವಿಫಲವಾದವನ್ನು ಉಚಿತವಾಗಿ ಮರಳಿ ಮಾಡಿಕೊಡಲು ತೆಗೆದಿರಿಸುವ ಮೊತ್ತ ರೂ. 1,000. ಉಳಿಯುವುದು ರೂ. 13,000. ಕೊನೆಯ ಬಾಬ್ತನ್ನು ಬಹುತೇಕರು ಬರೆಯುವುದೇ ಇಲ್ಲ. ಆದರೆ ನಾಲ್ಕನೆಯ ವರ್ಷದಲ್ಲಿ ಸಡಿಲಗೊಂಡ ಇಂಪ್ಲಾಂಟಿನ ರೋಗಿಯು ಬಾಗಿಲಿಗೆ ಬಂದಾಗ ಹಣ ಕೇಳುವುದು ಸಣ್ಣ ಊರಿನಲ್ಲಿ ಸಾಧ್ಯವಾಗದು.

ಇದಕ್ಕಿಂತ ಸೂಕ್ಷ್ಮವಾದುದು ಇನ್ನೊಂದಿದೆ. ಇಂಪ್ಲಾಂಟ್ ಹಾಕಿಸಿಕೊಳ್ಳುವವರಲ್ಲಿ ಅರ್ಧದಷ್ಟು ಮಂದಿ, ಆ ಸೌಲಭ್ಯವಿಲ್ಲದಿದ್ದರೆ ಅದೇ ವೈದ್ಯರ ಬಳಿ ಬ್ರಿಡ್ಜ್ ಕಟ್ಟಿಸಿಕೊಳ್ಳುತ್ತಿದ್ದವರು ಎಂದಿಟ್ಟುಕೊಂಡರೆ, ಬ್ರಿಡ್ಜಿನಿಂದ ಉಳಿಯುತ್ತಿದ್ದ ರೂ. 8,000 ಕೈತಪ್ಪಿತು. ಅಂಥ ರೋಗಿಯಿಂದ ದೊರೆತ ಹೆಚ್ಚುವರಿ ಕೇವಲ ರೂ. 5,000. ಎರಡೂ ವರ್ಗಗಳ ಸರಾಸರಿ ರೂ. 9,000. ಆ ದರದಲ್ಲಿ ರೂ. 8,34,000 ಮರಳಿ ಬರಲು 93 ಇಂಪ್ಲಾಂಟ್‌ಗಳು ಬೇಕು. ತಿಂಗಳಿಗೆ ಎರಡರಂತೆ ಸುಮಾರು ನಾಲ್ಕು ವರ್ಷ. ಶುಲ್ಕ ರೂ. 3 ಲಕ್ಷವನ್ನು, ತಿರುಪಿನ ಬೆಲೆಯನ್ನಷ್ಟೇ ಕಳೆದು ಉಳಿದ ರೂ. 20,000ದಿಂದ ಭಾಗಿಸಿದವರಿಗೆ ಮಾತ್ರ ಉತ್ತರ 15 ಎಂದು ಬರುತ್ತದೆ. ಹದಿನೈದನ್ನು ನಂಬಿ ಸಾಲ ಮಾಡಿದ ವೈದ್ಯನು ಎರಡನೆಯ ವರ್ಷದಲ್ಲಿ ಕಂತಿನ ಒತ್ತಡಕ್ಕೆ ಸಿಲುಕಿ, ಬ್ರಿಡ್ಜ್ ಸಾಕಾಗುವ ರೋಗಿಗೂ ಇಂಪ್ಲಾಂಟನ್ನೇ ಸೂಚಿಸುವ ಮನಸ್ಸು ಮಾಡಿದರೆ, ಆ ತಪ್ಪಿನ ಮೂಲ ಲೆಕ್ಕದ ಪುಸ್ತಕದಲ್ಲಿಯೇ ಇರುತ್ತದೆ.

ಅಂಥ ತಪ್ಪಿಗೆ ಕಾನೂನಿನ ಬೆಲೆಯೂ ಉಂಟು. ಶುಲ್ಕ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತಿತು. ತನಗಿದೆಯೆಂದು ಹೇಳಿಕೊಂಡ ಕೌಶಲ್ಯ ಇಲ್ಲದಿರುವುದು ಅಥವಾ ಇದ್ದೂ ಬಳಸದಿರುವುದು ನಿರ್ಲಕ್ಷ್ಯವೆನಿಸುತ್ತದೆ ಎಂದು 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ನಾಮಫಲಕದ ಮೇಲಿನ ಪದವೂ ಹೇಳಿಕೊಂಡ ಕೌಶಲ್ಯವೇ. ತರಬೇತಿಯಲ್ಲಿ ಮಾಡಿದ ಶಸ್ತ್ರಚಿಕಿತ್ಸೆಗಳ ದಾಖಲೆಯನ್ನು ಜೋಪಾನವಾಗಿಡುವುದು ಲೇಸು. ವೃತ್ತಿಹೊಣೆ ವಿಮೆಯನ್ನು ಮಾಡಿಸುವಾಗ ಇಂಪ್ಲಾಂಟ್ ಚಿಕಿತ್ಸೆಯನ್ನು ಘೋಷಿಸುವುದನ್ನೂ ಮರೆಯಬಾರದು.

ಆದಾಯ ತೆರಿಗೆಯ ಭಾಗ ಚಿಕ್ಕದು. ವೃತ್ತಿಯಲ್ಲಿರುವವರು ಅದೇ ವೃತ್ತಿಯ ಕೌಶಲ್ಯ ಹೆಚ್ಚಿಸಿಕೊಳ್ಳಲು ಮಾಡಿದ ಖರ್ಚನ್ನು ವೃತ್ತಿಯ ವೆಚ್ಚವೆಂದು ತೋರಿಸಲು ಸಮರ್ಥನೆಯಿದೆ, ಉಪಕರಣಗಳಿಗೆ ಸವಕಳಿಯಷ್ಟೇ. ಆದರೆ 2016-17ರಿಂದ ಬಂದ ಪದ್ಧತಿಯಂತೆ ಗಳಿಕೆಯ ಅರ್ಧವನ್ನು ಆದಾಯವೆಂದು ಘೋಷಿಸುವವರಿಗೆ ಈ ಖರ್ಚುಗಳು ಪ್ರತ್ಯೇಕವಾಗಿ ಸಿಗವು. ಮೇಲಿನ ಉದಾಹರಣೆಯಲ್ಲಿ ತರಬೇತಿಯ ವರ್ಷದ ಗಳಿಕೆ ರೂ. 22.4 ಲಕ್ಷ, ಘೋಷಿತ ಆದಾಯ ರೂ. 11.2 ಲಕ್ಷ. ಬೇರೆ ಆದಾಯವಿಲ್ಲದಿದ್ದರೆ, 2025-26ರಿಂದ ಹೊಸ ಪದ್ಧತಿಯಲ್ಲಿ ರೂ. 12 ಲಕ್ಷದವರೆಗೆ ಸಿಗುವ ರಿಯಾಯಿತಿಯಿಂದಾಗಿ ತೆರಿಗೆಯೇ ಬಾರದು. ಪುಸ್ತಕ ಬರೆಸಿ, ಲೆಕ್ಕಪರಿಶೋಧನೆ ಮಾಡಿಸಿ ಖರ್ಚು ತೋರಿಸುವ ಶ್ರಮದಿಂದ ಅಂಥವರಿಗೆ ಲಾಭವಿಲ್ಲ. ತೆರಿಗೆ ಉಳಿಯುತ್ತದೆಂಬ ಕಾರಣಕ್ಕೆ ತರಬೇತಿಗೆ ಸೇರುವ ಮಾತು ಇಲ್ಲಿ ಹುರುಳಿಲ್ಲದ್ದು.

ತಾನೇ ತಯಾರಿಸಬೇಕೋ, ಹೊರಗೆ ಮಾಡಿಸಬೇಕೋ ಎಂಬುದು ಸಣ್ಣ ಕಾರ್ಖಾನೆಯವರಿಗೆ ನಿತ್ಯದ ಪ್ರಶ್ನೆ. ದಂತವೈದ್ಯರಿಗೂ ಅದೇ ಆಯ್ಕೆಯುಂಟು. ಉಪಕರಣ ಸಮೇತ ಬಂದು ಶಸ್ತ್ರಚಿಕಿತ್ಸೆ ಮಾಡಿಹೋಗುವ ಸಂದರ್ಶಕ ತಜ್ಞರಿಗೆ ಪ್ರತಿ ಇಂಪ್ಲಾಂಟಿಗೆ ರೂ. 7,000 ಕೊಟ್ಟರೂ ಚಿಕಿತ್ಸಾಲಯಕ್ಕೆ ರೂ. 6,000 ಉಳಿಯುತ್ತದೆ, ಹೂಡಿಕೆ ಏನೂ ಇಲ್ಲದೆ. ಆ ಸ್ಥಿತಿಯಿಂದ ನೋಡಿದರೆ ತರಬೇತಿಯು ಉಳಿಸಿಕೊಡುವುದು ರೂ. 7,000 ಮಾತ್ರ, ಹೂಡಿದ ಹಣ ಮರಳಲು 93ರ ಬದಲು 120 ಇಂಪ್ಲಾಂಟ್‌ಗಳಾಗಬೇಕು. ತಿಂಗಳಿಗೆ ಐದಾರು ರೋಗಿಗಳಿರುವ ಕಡೆ ಎರಡು ವರ್ಷದೊಳಗೆ ಇದು ತೀರುತ್ತದೆ, ಅಲ್ಲಿ ತರಬೇತಿ ಯೋಗ್ಯವಾದದ್ದೇ. ಒಬ್ಬಿಬ್ಬರಿರುವ ಕಡೆ ಮೊದಲ ಒಂದು ವರ್ಷ ಸಂದರ್ಶಕ ತಜ್ಞರಿಂದಲೇ ಮಾಡಿಸಿ, ಇಂಪ್ಲಾಂಟ್ ಕೇಳಿದವರೆಷ್ಟು, ದರ ಕೇಳಿ ಹಿಂತಿರುಗಿದವರೆಷ್ಟು, ಬ್ರಿಡ್ಜಿಗೆ ಒಪ್ಪಿದವರೆಷ್ಟು ಎಂಬುದನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಸಾಲದ ಅರ್ಜಿಯೊಡನೆ ಬ್ಯಾಂಕಿನ ವ್ಯವಸ್ಥಾಪಕರ ಮುಂದೆ ಇಡಲೂ ಆ ಪುಸ್ತಕವೇ ಸಾಕಾಗುತ್ತದೆ.