ಗಿಡ್ಡ ತಳಿಯ ಶಂಕುಧಾರಿ ಗಿಡಗಳು

ಗೆಳೆಯರೇ, ನಮ್ಮ ಧ್ವಜಕಟ್ಟೆಯ ಪಕ್ಕ ನವಿಲುಗರಿಯಂಥ ಎಲೆಯ ಗಿಡ ಇದೆಯಲ್ಲ, ಅದೇ ಥೂಜಾ. ಪೈನ್, ದೇವದಾರುಗಳ ಹಾಗೆ ಇದೂ ಅನಾವೃತ ಬೀಜ ಸಸ್ಯ. ಬೀಜ ಇರುವುದು ಶಂಕುವಿನಲ್ಲಿ.

ತೆಂಗಿನಲ್ಲಿ ಗಿಡ್ಡ ತಳಿ ಇರುವಂತೆ ಇವುಗಳಲ್ಲೂ ಉಂಟು. ಕೆನಡಾದ ಬಿಳಿ ಸ್ಪ್ರೂಸ್ ಮರ 30 ಮೀಟರ್‌ವರೆಗೂ ಬೆಳೆಯಬಲ್ಲದು. 1904ರಲ್ಲಿ ಆಲ್ಬರ್ಟಾ ಪ್ರಾಂತ್ಯದಲ್ಲಿ ಜಾನ್ ಜಾಕ್ ಮತ್ತು ಆಲ್ಫ್ರೆಡ್ ರೇಡರ್ ಎಂಬ ಸಸ್ಯಶಾಸ್ತ್ರಜ್ಞರಿಗೆ ಅದೇ ಜಾತಿಯ ಗಿಡ್ಡ ಗಿಡಗಳು ಸಿಕ್ಕವು. ಆ ತಳಿ ವರ್ಷಕ್ಕೆ ಸುಮಾರು 5ರಿಂದ 10 ಸೆಂ.ಮೀ. ಮಾತ್ರ ಬೆಳೆಯುತ್ತದೆ. ಬೀಜ ಹಾಕಿದರೆ ಸಸಿ ಗಿಡ್ಡವಾಗಿಯೇ ಬರುತ್ತದೆಂಬ ಖಾತ್ರಿ ಇಲ್ಲ. ಅದಕ್ಕೇ ಟೊಂಗೆಯ ತುಂಡಿಗೆ ಬೇರು ಬರಿಸುತ್ತಾರೆ. ಒಮ್ಮೊಮ್ಮೆ ಒಂದು ಟೊಂಗೆ ಮಾತ್ರ ದೊಡ್ಡ ಮರದ ಹಾಗೆ ಉದ್ದಕ್ಕೆ ಓಡುತ್ತದೆ. ಅದನ್ನು ಬುಡಕ್ಕೇ ಕತ್ತರಿಸಬೇಕು.

ಚಳಿ ನಾಡಿನ ಸ್ಪ್ರೂಸ್ ನಮ್ಮ ಬಿಸಿಲು ತಾಳದು. ನಮಗೆ ಥೂಜಾನೇ ಸರಿ, ಅದರಲ್ಲೂ ಗಿಡ್ಡ ತಳಿ ಇದೆ. ಬಿಸಿಲು ಬೇಕು, ಆದರೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ.

ನಾನು ಹೇಳುವ ಮುಖ್ಯ ಮಾತು ಇದು: ಶನಿವಾರದ ಶ್ರಮದಾನದಲ್ಲಿ ಬೇಲಿಗಿಡ ಸವರಿದ ಹಾಗೆ ಥೂಜಾ ಸವರಬೇಡಿ. ಬೇಲಿಗಿಡ ಬೋಳಾದರೂ ಚಿಗುರುತ್ತೆ. ಥೂಜಾ ಹಸಿರಿಲ್ಲದ ಹಳೇ ಟೊಂಗೆಯಿಂದ ಸಾಮಾನ್ಯವಾಗಿ ಚಿಗುರುವುದಿಲ್ಲ. ಹಸಿರು ತುದಿಯನ್ನಷ್ಟೇ ಕತ್ತರಿಸಿ. ನಮ್ಮ ಗಿಡದ ಒಂದು ಬದಿ ಆಗಲೇ ಬೋಳಾಗಿದೆ. ಉಳಿದದ್ದನ್ನಾದರೂ ಉಳಿಸೋಣ.