ರೋಮನ್ ಸಂಘಗಳು ಮತ್ತು ಕಾನೂನಾತ್ಮಕ ವ್ಯಕ್ತಿತ್ವ

1. ಕೊಲೇಜಿಯಂ: ಕಸುಬು, ಪೂಜೆ, ಅಂತ್ಯಕ್ರಿಯೆಗಾಗಿ ಕಟ್ಟಿಕೊಂಡ ಸಂಘ. ಕನಿಷ್ಠ 3 ಸದಸ್ಯರು.

2. ಕ್ರಿ.ಪೂ. 64: ಹಲವು ಸಂಘಗಳಿಗೆ ಸೆನೆಟ್‌ನಿಂದ ನಿಷೇಧ. ಕ್ರಿ.ಪೂ. 58: ಟ್ರಿಬ್ಯೂನ್ ಕ್ಲೋಡಿಯಸ್‌ನ ಕಾಯ್ದೆಯಿಂದ ಮರುಜೀವ.

3. ಲಾನುವಿಯಂ ಶಾಸನ (ಕ್ರಿ.ಶ. 136), ಒಂದು ಅಂತ್ಯಕ್ರಿಯೆ ಸಂಘದ ನಿಯಮಗಳು: ಪ್ರವೇಶಕ್ಕೆ 100 ಸೆಸ್ಟರ್ಸ್ ನಾಣ್ಯ, ಜೊತೆಗೆ ಒಂದು ಜಾಡಿ ಒಳ್ಳೆಯ ದ್ರಾಕ್ಷಾರಸ, ತಿಂಗಳ ಚಂದಾ 5 ಆಸ್ (ಸಣ್ಣ ನಾಣ್ಯ), ಸತ್ತರೆ ಅಂತ್ಯಕ್ರಿಯೆಗೆ 300 ಸೆಸ್ಟರ್ಸ್. ಆತ್ಮಹತ್ಯೆಯಾದರೆ ಏನೂ ಇಲ್ಲ. (ಪರೀಕ್ಷೆಯ ಹೊಂದಿಸಿ ಬರೆಯಿರಿ ಮಾದರಿಗೆ ಹೇಳಿಮಾಡಿಸಿದ್ದು.)

4. ನ್ಯಾಯಶಾಸ್ತ್ರಜ್ಞ ಗಾಯಸ್: ಸಂಘಕ್ಕೆ ಸ್ವಂತ ಆಸ್ತಿ, ಖಜಾನೆ, ಪ್ರತಿನಿಧಿ.
ನ್ಯಾಯಶಾಸ್ತ್ರಜ್ಞ ಅಲ್ಪಿಯನ್: ಸಂಘದ ಸಾಲ ಸದಸ್ಯರ ಸಾಲವಲ್ಲ.
ಈ ಎರಡೂ ಮಾತುಗಳು ಚಕ್ರವರ್ತಿ ಜಸ್ಟಿನಿಯನ್‌ನ ಕಾನೂನು ಸಂಕಲನ ಡೈಜೆಸ್ಟ್‌ನಲ್ಲಿವೆ (533).

ಗೊಂದಲ ಬೇಡ:
• ಸೊಸೈಟಾಸ್ ಎಂದರೆ ಪಾಲುದಾರಿಕೆ. ಪಾಲುದಾರ ಸತ್ತರೆ ಅದೂ ಮುಗಿಯಿತು. ಸಂಘ ಹಾಗಲ್ಲ, ಸದಸ್ಯರು ಬದಲಾದರೂ ಉಳಿಯುತ್ತದೆ.
• 'ಕಲ್ಪಿತ ವ್ಯಕ್ತಿ' (ಸಂಘವನ್ನು ವ್ಯಕ್ತಿಯೆಂದು ಭಾವಿಸುವ) ಸಿದ್ಧಾಂತ ರೋಮನ್ನರದಲ್ಲ. 13ನೇ ಶತಮಾನದ ಪೋಪ್ 4ನೇ ಇನ್ನೊಸೆಂಟ್‌ಗೆ ಸಲ್ಲುತ್ತದೆ. ಆಯ್ಕೆಗಳಲ್ಲಿ ಜಸ್ಟಿನಿಯನ್ ಕಂಡರೆ ಎಡವಬೇಡಿ.